ಎರಡನೇ ಹೆರಿಗೆ ಹತ್ತಿರ ಬಂತು, ಮಾಸಿನದೇ ಚಿಂತೆ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೊದಲ ಹೆರಿಗೆ ನಾರ್ಮಲ್ ಆಗಿಯೇ ಆಯಿತು, ಆದರೆ ಮಾಸು (ಮಗು ಹುಟ್ಟಿದ ಮೇಲೆ ಹೊರಬರಬೇಕಾದ ಪ್ಲಾಸೆಂಟಾ) ಬೀಳಲಿಲ್ಲ. ಗರ್ಭಕೋಶ ಕುಗ್ಗಲು ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರು, ಪೈಪ್ ಹಾಕಿ ಮೂತ್ರ ಖಾಲಿ ಮಾಡಿಸಿದರು, ಹೊಕ್ಕುಳಬಳ್ಳಿಯನ್ನು ಮೆಲ್ಲಗೆ ಎಳೆದು ನೋಡಿದರು. ಅರ್ಧ ಗಂಟೆ ದಾಟಿತು, ರಕ್ತ ಜಾಸ್ತಿ ಹೋಗತೊಡಗಿತು. ಎದೆ ಮೇಲಿದ್ದ ಮಗುವನ್ನು ಅಮ್ಮನ ಕೈಗೆ ಕೊಟ್ಟು ನನ್ನನ್ನು ಥಿಯೇಟರ್‌ಗೆ ತಳ್ಳಿಕೊಂಡು ಹೋದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಕೈ ಹಾಕಿ ಮಾಸು ತೆಗೆದರು. ರಕ್ತವನ್ನೂ ಹಾಕಬೇಕಾಯಿತು.

ಈಗ ಎಂಟನೇ ತಿಂಗಳು. ಒಮ್ಮೆ ಹೀಗಾದರೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ, ಆದರೆ ಆಗೇ ಆಗುತ್ತದೆ ಅಂತಿಲ್ಲ ಎಂದರು ಡಾಕ್ಟರ್. ರಕ್ತ, ಥಿಯೇಟರ್ ಎರಡೂ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಅಂತ ತೀರ್ಮಾನ ಆಗಿದೆ. ಸ್ಕ್ಯಾನ್‌ನಲ್ಲಿ ಮಾಸು ಗರ್ಭಕೋಶದ ಗೋಡೆಗೆ ಆಳವಾಗಿ ಅಂಟಿದ ಲಕ್ಷಣ ಕಂಡಿಲ್ಲ. ಹಿಮೋಗ್ಲೋಬಿನ್ ಮಾತ್ರ ಕಡಿಮೆ, ಕಬ್ಬಿಣದ ಮಾತ್ರೆ ನಡೀತಿದೆ.

ಇಲ್ಲಿ ಯಾರಿಗಾದರೂ ಹೀಗಾಗಿತ್ತಾ? ಎರಡನೇ ಸಲ ಏನಾಯಿತು? ಮಾಸಿನ ಚೂರು ಒಳಗೇ ಉಳಿದು ಆಮೇಲೆ ಗೊತ್ತಾದವರಿದ್ದರೆ, ಮೊದಲು ಏನು ಕಾಣಿಸಿತು ಹೇಳಿ: ಜ್ವರವಾ, ಕೆಟ್ಟ ವಾಸನೆಯಾ, ನಿಂತ ರಕ್ತ ಮತ್ತೆ ಶುರುವಾಯಿತಾ? ಸುಮ್ನೆ ಸಿಸೇರಿಯನ್ ಮಾಡಿಸಿಬಿಡು ಅನ್ನಬೇಡಿ, ಇದೊಂದೇ ಕಾರಣಕ್ಕೆ ಬೇಡ ಅಂತ ಡಾಕ್ಟರೇ ಹೇಳಿದ್ದಾರೆ.