ಸಹಾಯ ಬೇಕು: ಮೀಟ್ 'ಈ' ಆಯ್ತು, ಗ್ರೇಟ್ ಯಾಕೆ ಆಗಲಿಲ್ಲ?

ನಮಸ್ಕಾರ. ನಾನು ಎಂ.ಎ. ಇಂಗ್ಲಿಷ್ ಮೊದಲ ವರ್ಷ. ಸಾಹಿತ್ಯ ಓದಬೇಕು ಅಂತ ಸೇರಿದವಳು. ಸೆಮಿನಾರ್‌ಗೆ ಸಿಕ್ಕಿದ್ದು ಮಾತ್ರ ಭಾಷಾ ಇತಿಹಾಸದ ಗ್ರೇಟ್ ವವೆಲ್ ಶಿಫ್ಟ್, ಅಂದ್ರೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರ ಬದಲಾದ ಕಥೆ. ನಮ್ಮ ವಿಭಾಗದಲ್ಲಿ ಕವಿತೆ ಬಗ್ಗೆ ಮಾತಾಡೋಕೆ ಹತ್ತು ಜನ ಸಿಗ್ತಾರೆ, ಇದರ ಬಗ್ಗೆ ಯಾರೂ ಇಲ್ಲ.

ಮುಖ್ಯ ವಿಷಯ ಗೊತ್ತಾಗಿದೆ. ಸುಮಾರು 1400ರಿಂದ 1700ರ ನಡುವೆ ದೀರ್ಘ ಸ್ವರಗಳೆಲ್ಲ ಬಾಯಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದವು, ಅಂದ್ರೆ ನಾಲಿಗೆ ಇನ್ನಷ್ಟು ಮೇಲೆತ್ತಿ ಹೇಳೋ ಹಾಗಾಯ್ತು. ಮೊದಲೇ ಮೇಲ್ತುದಿಯಲ್ಲಿದ್ದವು ಒಡೆದು ಎರಡು ಸ್ವರಗಳ ಜೋಡಿಯಾದವು. ಹಾಗಾಗಿ 'ಹೂಸ್' ಹೋಗಿ 'ಹೌಸ್' ಬಂತು. ಮುದ್ರಕ ಕ್ಯಾಕ್ಸ್‌ಟನ್ 1476ರಲ್ಲೇ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಕಾಗುಣಿತ ನಿಧಾನವಾಗಿ ಗಟ್ಟಿಯಾಯ್ತು, ಉಚ್ಚಾರ ಓಡ್ತಾನೇ ಇತ್ತು. ಇಲ್ಲಿವರೆಗೆ ಸರಿ.

ಸಿಕ್ಕಿಕೊಂಡಿರೋದು ಇಲ್ಲಿ. ತಿನ್ನುವ 'ಮೀಟ್' (meat), 'ಸೀ' (sea, ಸಮುದ್ರ), 'ಗ್ರೇಟ್' (great), 'ಬ್ರೇಕ್' (break), 'ಸ್ಟೇಕ್' (steak) ಎಲ್ಲದರಲ್ಲೂ ಇ-ಎ (ea) ಅಕ್ಷರಗಳೇ. ಮೊದಲ ಎರಡು 'ಈ' ಆದವು, ಕೊನೆಯ ಮೂರು 'ಏ'ಯಲ್ಲೇ ನಿಂತವು. ಸ್ವರಕ್ಕೆ ಮುಂಚೆ ಬರುವ 'ರ್' ಕಾರಣ ಅಂದುಕೊಂಡೆ. ಆದ್ರೆ 'ಡ್ರೀಮ್', 'ಕ್ರೀಮ್'ನಲ್ಲೂ 'ರ್' ಇದೆಯಲ್ವಾ? 'ಸ್ಟೇಕ್'ನಲ್ಲಿ ಅದು ಇಲ್ಲವೇ ಇಲ್ಲ! ಲೈಬ್ರರಿಯ ಎರಡು ಪುಸ್ತಕ ನೋಡಿದೆ, ಎರಡರಲ್ಲೂ 'ಅಪವಾದಗಳು' ಅಂತ ಒಂದೇ ಸಾಲು. ಸೀನಿಯರ್‌ಗಳು "ಸುಮ್ನೆ ಬಿಟ್ಬಿಡು" ಅಂದ್ರು. ಪ್ರಶ್ನೆ ಕೇಳೋರು ಬಿಡ್ತಾರಾ?

ಸೆಮಿನಾರ್ ಮುಂದಿನ ವಾರ. ಭಾಷಾವಿಜ್ಞಾನ ಓದಿದವರು ಹೇಳಿ: ಈ ಮೂರು ಪದಗಳು 'ಏ'ಯಲ್ಲೇ ಉಳಿದದ್ದಕ್ಕೆ ಧ್ವನಿಯ ನಿಯಮ ಏನಾದ್ರೂ ಇದೆಯಾ, ಅಥವಾ ಬೇರೆ ಉಪಭಾಷೆಯ ಉಚ್ಚಾರ ಬಂದು ಸೇರಿಕೊಂಡಿದ್ದಾ?