ಲಾರಿಗೆ ದುಡ್ಡಿರಲಿಲ್ಲವೇ? ನಮ್ಮ ಮನೆ ಗುಂಪಿನಲ್ಲೊಂದು ವಾದ

ಗುಂಪು: ಮಾಗಡಿ ಮನೆಯವರು, ಬೆಂಗಳೂರು

ಪುಟ್ಟ: (ಫೋಟೊ) ಫಾರ್ವರ್ಡ್ ಬಂತು. "ಲಾರಿ ಬಾಡಿಗೆಗೂ ದುಡ್ಡಿಲ್ಲದೆ ಇಸ್ರೊದವರು ಉಪಗ್ರಹಾನ ಎತ್ತಿನಗಾಡಿ ಮೇಲೆ ಸಾಗಿಸಿದ ದಿನ!" ಎಂಥಾ ಬಡತನ ನೋಡಿ.

ಸೋದರತ್ತೆ: ಕಣ್ಣಲ್ಲಿ ನೀರು ಬಂತು ಪುಟ್ಟ. ಸೈಕಲ್ ಮೇಲೆ ರಾಕೆಟ್ ಇಟ್ಕೊಂಡು ಹೋಗೋ ಇನ್ನೊಂದು ಫೋಟೊ ಇದೆಯಲ್ಲ, ಅದೂ ಇದೇ ಸಮಯದ್ದಾ?

ದೊಡ್ಡಪ್ಪ: ಅಲ್ಲ ಕಣೇ. ಸೈಕಲ್ಲಿಂದು ಕೇರಳದ ತುಂಬಾ ಅನ್ನೋ ಊರಿಂದು, 1960ರ ದಶಕ. ಇದು ನಮ್ಮ ಬೆಂಗಳೂರಿಂದು, 1981. ಆಪಲ್ ಅಂತ ಉಪಗ್ರಹ, ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿದ್ದು. ಪುಟ್ಟ, ಆ ಒಕ್ಕಣೆ ಪೂರ್ತಿ ತಪ್ಪು. ಆಂಟೆನಾ ಪರೀಕ್ಷೆ ಮಾಡಬೇಕಿತ್ತು. ಲಾರಿ ಮೇಲಿಟ್ಟರೆ ಅದರ ಲೋಹದ ಮೈ ರೇಡಿಯೊ ಅಲೆಗಳಿಗೆ ಅಡ್ಡ ಬರುತ್ತೆ. ಮರದ ಗಾಡೀಲಿ ಆ ತೊಂದರೆ ಇಲ್ಲ. ಅದಕ್ಕೇ ಗಾಡಿ ತರಿಸಿದ್ದು. ಆ ಜೂನ್ 19ಕ್ಕೆ ಅದೇ ಆಪಲ್, ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ ಹತ್ತಿ ಆಕಾಶಕ್ಕೆ ಹೋಯ್ತು.

ಪುಟ್ಟ: ಗಾಡಿ ಚಕ್ರಕ್ಕೂ ಕಬ್ಬಿಣದ ಹಳಿ ಇರುತ್ತಲ್ವಾ ದೊಡ್ಡಪ್ಪ?

ದೊಡ್ಡಪ್ಪ: ಒಳ್ಳೇ ಪ್ರಶ್ನೆ. ಹಳಿ, ಅಚ್ಚು, ಚಕ್ರ ಕಳಚದಂತೆ ಹಾಕೋ ಕಡಾಣಿ ಬಿಟ್ಟರೆ ಮಿಕ್ಕಿದ್ದೆಲ್ಲ ಮರ. ಲಾರಿ ಇಡೀ ಲೋಹ. ಹಳಿ ಕೂರಿಸೋದನ್ನ ನೀನು ನೋಡಿಲ್ಲ. ನಮ್ಮೂರ ಕುಲುಮೆ ಮುಂದೆ ಬೆರಣಿ ಪೇರಿಸಿ ಕೆಂಪಗೆ ಕಾಯಿಸ್ತಿದ್ರು. ಹಳಿ ಚಕ್ರಕ್ಕಿಂತ ಒಂಚೂರು ಚಿಕ್ಕದೇ ಇರುತ್ತೆ, ಕಾದಾಗ ಹಿಗ್ಗುತ್ತೆ. ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಕೂರಿಸಿ, ಮರ ಹತ್ತಿ ಉರಿಯೋದರೊಳಗೆ ಕೊಡಗಟ್ಟಲೆ ನೀರು ಸುರಿಯೋರು. ಹೊಗೆ, ಹಬೆ, ಚಟಚಟ ಸದ್ದು. ತಣಿದು ಕುಗ್ಗಿತು ಅಂದ್ರೆ ಚಕ್ರದ ಕಡ್ಡಿಗಳಾದ ಅರೆಕಾಲು, ನಡುವಿನ ಗುಂಬ ಎಲ್ಲ ಬಿಗಿದುಕೊಂಡು ಚಕ್ರ ಒಂದೇ ಮೈ ಆಗೋದು. ಇಷ್ಟು ವಿದ್ಯೆ ಇರೋ ವಸ್ತೂನ ಬಡತನದ ಗುರುತು ಅಂತ ಕರೀಬೇಡ.

ಜಯನಗರ ಚಿಕ್ಕಮ್ಮ: ಭಾವ, ಗಾಡಿ ಬಗ್ಗೆ ಇಷ್ಟು ಹೇಳಿದ್ರಿ, ಎತ್ತಿನ ಬಗ್ಗೆ ಒಂದು ಮಾತಿಲ್ಲ. ನಮ್ಮ ತವರಲ್ಲಿ ಎತ್ತುಗಳ ಹೆಗಲು ಹುಣ್ಣಾದಾಗ ಅರಿಶಿನ, ಹರಳೆಣ್ಣೆ ಹಚ್ಚುತ್ತಿದ್ದವಳು ನಾನು. ಹೇರು ಮುಂದಕ್ಕೆ ಜರುಗಿದರೆ ಮೂಕಿಭಾರ, ಎಲ್ಲಾ ಹೆಗಲ ಮೇಲೆ. ಹಿಂಭಾರವಾದರೆ ನೊಗ ಮೇಲೆದ್ದು, ನೊಗಕ್ಕೆ ಕಟ್ಟಿದ ಪಟ್ಟಿ, ಅಂದ್ರೆ ಜತ್ತಿಗೆ, ಕೊರಳು ಬಿಗಿಯುತ್ತೆ. ಇದೇ ಊರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನಗಾಡಿ ಸುಧಾರಿಸಬೇಕು ಅಂತ ವರ್ಷಗಟ್ಟಲೆ ಹೇಳುತ್ತಾ ಬಂದ್ರು. ಗಾಡೀಲಿ ಕುಂದೇ ಇಲ್ಲದಿದ್ರೆ ಅವರಿಗೇಕೆ ಆ ಚಿಂತೆ?

ದೊಡ್ಡಪ್ಪ: ಅದನ್ನ ಬಿಟ್ಟಿದ್ದು ನನ್ನ ತಪ್ಪೇ ಕಣಮ್ಮ. ಎತ್ತಿಲ್ಲದೆ ದಂಡುಗಳೇ ನಿಂತುಹೋಗಿವೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಟಿಪ್ಪು ಮೇಲೆ ದಂಡೆತ್ತಿ ಬಂದು, ಬೆಂಗಳೂರು ಕೋಟೆ ಹಿಡಿದು ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ. ಎತ್ತುಗಳು ಸಾಯ್ತಾ ಬಂದವು, ಎಳೆಯೋಕೆ ಗತಿಯಿಲ್ಲ. ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ಹಿಂದಿರುಗಿದ.

ಸೋದರತ್ತೆ: ಟಿಪ್ಪು ಕಡೆ ಅಮೃತಮಹಲ್ ಎತ್ತು ಇದ್ವಲ್ಲ ಅಣ್ಣ.

ದೊಡ್ಡಪ್ಪ: ಹೂಂ, ಫಿರಂಗಿ ಎಳೆಯೋಕೆ ಅವೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದ್ರೆ ಅರಮನೆ ದನಗಳ ಇಲಾಖೆಗೆ, ಟಿಪ್ಪು ಇಟ್ಟ ಹೆಸರು ಅದು. ಆದರೂ ಚಿಕ್ಕಮ್ಮ ಹೇಳಿದ್ದು ಬೇರೆ. ದಂಡಿನ ಲೆಕ್ಕದಲ್ಲೂ ಎತ್ತಿನ ಹುಣ್ಣು ಯಾರಿಗೂ ಕಾಣಲಿಲ್ಲ.

ಪುಟ್ಟ: ಮೊದಲನೇದು ಅಳಿಸಿದೆ. ಹೊಸದು: "1981, ಬೆಂಗಳೂರು. ಆಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಬೇಕೆಂದೇ ಆರಿಸಿದ ಮರದ ಗಾಡಿ." ಕಾಲೇಜ್ ಗುಂಪಿಗೂ ಇದನ್ನೇ ಹಾಕಲಾ?

ಜಯನಗರ ಚಿಕ್ಕಮ್ಮ: ಗಾಡಿ ತಾನಾಗೇ ಹೋಯ್ತಾ?

ಪುಟ್ಟ: "...ಬೇಕೆಂದೇ ಆರಿಸಿದ ಮರದ ಗಾಡಿ, ಅದನ್ನು ಎಳೆದ ಎತ್ತು." ಈಗ ಸರಿನಾ ಚಿಕ್ಕಮ್ಮ?

ಜಯನಗರ ಚಿಕ್ಕಮ್ಮ: ಸರಿ, ಕಳಿಸು.