ಅಪ್‌ಡೇಟ್: ಶಾಲೆಗೆ ಹೋಗಲು ಹೆದರುತ್ತಿದ್ದ ಮಗಳ ಬಗ್ಗೆ

ಹತ್ತನೇ ತರಗತಿಯ ಮಗಳು ಬೆಳಗಾದರೆ ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಿದ್ದಾಳೆ, ರಾತ್ರಿ ನಿದ್ದೆಯೂ ಇಲ್ಲ, ಏನು ಮಾಡಲೆಂದು ಹಿಂದೆ ಕೇಳಿದ್ದೆ. ನೀವು ಹೇಳಿದಂತೆ ಮೊದಲು ವೈದ್ಯರಿಗೆ ತೋರಿಸಿ, ದೈಹಿಕ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. 2022ರಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಆತಂಕದಿಂದ ಬರುವ ಹೊಟ್ಟೆನೋವು ನೆಪವಲ್ಲ, ಮಗುವಿಗೆ ಅದು ನಿಜವಾದ ನೋವೇ ಎಂದು ಆಪ್ತಸಮಾಲೋಚಕರು ತಾಳ್ಮೆಯಿಂದ ವಿವರಿಸಿದರು. ಮಗಳೊಂದಿಗೂ ಪ್ರತ್ಯೇಕವಾಗಿ ಮಾತನಾಡಿದರು.

ಕಿರುಪರೀಕ್ಷೆಯ ಅಂಕಗಳನ್ನು ತರಗತಿಯಲ್ಲಿ ಎಲ್ಲರೆದುರು ಓದುವುದೇ ಅವಳ ದೊಡ್ಡ ಭಯವೆಂದು ಆಗ ತಿಳಿಯಿತು. ತರಗತಿ ಶಿಕ್ಷಕಿಯವರನ್ನು ಕಂಡು ವಿನಂತಿಸಿದಾಗ ಅವರು ಉತ್ತರಪತ್ರಿಕೆಗಳನ್ನು ಮಡಚಿ, ಒಬ್ಬೊಬ್ಬರ ಕೈಗೇ ಕೊಡಲು ಒಪ್ಪಿದರು. ಇಷ್ಟು ಸಣ್ಣ ಬದಲಾವಣೆ ಇಡೀ ತರಗತಿಗೇ ಉಪಕಾರವಾಯಿತೆಂದು ನನ್ನ ನಂಬಿಕೆ. ಎಸ್‌ಎಸ್‌ಎಲ್‌ಸಿಯಲ್ಲಿ ಈಗ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯಲು ಅವಕಾಶವಿರುವುದನ್ನು ಅವಳಿಗೆ ಬಿಡಿಸಿ ಹೇಳಿದೆವು. ಊಟದ ಹೊತ್ತಿನಲ್ಲಿ ಅಂಕಗಳ ಮಾತೆತ್ತುವುದನ್ನು ಮನೆಯವರೆಲ್ಲ ನಿಲ್ಲಿಸಿದ್ದೇವೆ.

ನಿದ್ದೆ ಸುಧಾರಿಸಿದೆ. ಸೋಮವಾರದ ಬೆಳಗು ಇನ್ನೂ ಕಷ್ಟವೇ. ಆದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಭೇಟಿಯನ್ನು ಮುಂದುವರಿಸುತ್ತಿದ್ದೇವೆ.